ಮೂರು ಎಣಿಸುವ ಅಕ್ಕ

ಜನನ ಮರಣ ನೋಂದಣಿ ಕಚೇರಿಯ ಎರಡನೇ ಕೌಂಟರಿನ ಅಕ್ಕನಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ದಪ್ಪ ರಿಜಿಸ್ಟರುಗಳ ಕಾಲದವಳು. ಅಕ್ಷರ ಮುತ್ತು ಪೋಣಿಸಿದ ಹಾಗೆ, ತಪ್ಪು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಹೋದ ವರ್ಷ ಕಿವಿಯೊಳಗೆ ಏನೋ ಕೆಟ್ಟು, ಕಣ್ಣೆದುರು ಏನಾದರೂ ಸರಿದಾಡಿದರೆ ಸಾಕು, ತಲೆ ಗಿರ್ರೆನ್ನತೊಡಗಿತು. ಡಾಕ್ಟರು, "ಇದರ ಜೊತೆಗೇ ಬಾಳಬೇಕಮ್ಮ" ಎಂದು ಕೈ ತೊಳೆದುಕೊಂಡರು.

ಅದೇ ಹೊತ್ತಿಗೆ ಕಚೇರಿಗೆ ಹೊಸ ಸಾಫ್ಟ್‌ವೇರ್ ಬರಬೇಕೇ! ಏನು ಒತ್ತಿದರೂ ಪುಟ ಪಕ್ಕದಿಂದ ಜಾರಿಕೊಂಡು ಬರುವುದು, ಹೆಸರಿನ ಪಟ್ಟಿ ಕೆಳಗಿನಿಂದ ಉರುಳುತ್ತ ಮೇಲೇರುವುದು, ಚೌಕಗಳು ಉಬ್ಬಿ ಕುಗ್ಗುವುದು. ಸತ್ತವರ ಹೆಸರು ಬರೆಯುವ ಜಾಗದಲ್ಲಿ ಈ ಕುಣಿತ ಯಾರಿಗೆ ಬೇಕಿತ್ತೋ! ಉಳಿದವರಿಗೆ ಅದು ಚೆಂದ, ಅಕ್ಕನಿಗೆ ಪ್ರಾಣಸಂಕಟ. ಬಾಯಿಬಿಟ್ಟರೆ ಕೈಲಾಗದವಳೆಂದು ಹಿಂದಿನ ಉಗ್ರಾಣಕ್ಕೆ ತಳ್ಳುತ್ತಾರೆಂಬ ಭಯ. ಹಾಗಾಗಿ ತಾನೇ ಒಂದು ಉಪಾಯ ಹೂಡಿದಳು. ಒತ್ತುವುದು, ಕಣ್ಣು ಮುಚ್ಚುವುದು, ಮೂರು ಎಣಿಸಿ ತೆರೆಯುವುದು. ಅಷ್ಟರಲ್ಲಿ ಪರದೆ ತೆಪ್ಪಗಾಗಿರುತ್ತಿತ್ತು.

"ಅಕ್ಕ ಧ್ಯಾನ ಮಾಡ್ಕೊಂಡೇ ಕೆಲಸ ಮಾಡ್ತಾರಪ್ಪ" ಎಂದು ಪಕ್ಕದ ಗುಮಾಸ್ತ ನಗುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು.

ಹನ್ನೊಂದು ತಿಂಗಳು ಹೀಗೇ ನಡೆಯಿತು. ಒಂದು ದಿನ ಕಂಪ್ಯೂಟರು ನಿಧಾನವಾಗಿತ್ತು. ಬಡಗಿಯೊಬ್ಬನ ಅಣ್ಣನ ಮರಣ ದಾಖಲಿಸಬೇಕು. ಮೂರು ಎಣಿಸಿ ಕಣ್ಣು ತೆರೆದರೆ ಆ ಮನೆಯವರ ಪಟ್ಟಿ ಇನ್ನೂ ಉರುಳುತ್ತಲೇ ಇತ್ತು. ತಲೆ ಗಿರ್ರೆಂದು, ಬೆರಳು ಒಂದು ಸಾಲು ಕೆಳಗೆ ಒತ್ತಿತು. 'ಖಾತ್ರಿಯೇ?' ಎಂದು ಕೇಳುವ ಚೌಕವೂ ಉಬ್ಬಿಕೊಂಡೇ ಬಂತು. ಅದನ್ನವಳು ಕಣ್ಣು ಮುಚ್ಚಿಯೇ ಒತ್ತಿದಳು.

ಎಂಟು ದಿನದ ಮೇಲೆ ಬಡಗಿ ಪ್ರಮಾಣಪತ್ರ ಹಿಡಿದು ಬಂದ. "ಅಕ್ಕಾ, ಇದರಲ್ಲಿ ಸತ್ತಿರೋನು ನಾನು."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಮುಖ ನೋಡಿ ಸುಮ್ಮನಾದರು.

ಅಧಿಕಾರಿ ಅವಳನ್ನೂ ಕಂಪ್ಯೂಟರು ನೋಡಿಕೊಳ್ಳುವವನನ್ನೂ ಒಳಗೆ ಕರೆದರು. ಅವಳನ್ನು ಉಗ್ರಾಣಕ್ಕೆ ಕಳಿಸುವ ಆದೇಶ ಮೇಜಿನ ಮೇಲೆ ಸಿದ್ಧವಿತ್ತು, ಸಹಿಯೊಂದು ಬಾಕಿ. "ಇಷ್ಟು ವರ್ಷ ಇಲ್ಲದ್ದು ಈಗೇನಮ್ಮ?" ಎಂದರು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಕಿವಿ, ತಲೆಸುತ್ತು, ಮೂರು ಎಣಿಕೆ, ಎಲ್ಲವನ್ನೂ ಹೇಳಿಬಿಟ್ಟಳು.

ಕಂಪ್ಯೂಟರಿನವನ ಮುಖ ಪೆಚ್ಚಾಯಿತು. "ಅಯ್ಯೋ, ಅದನ್ನ ನಿಲ್ಲಿಸೋಕೆ ಸೆಟ್ಟಿಂಗ್ ಇದೆ ಅಕ್ಕಾ. ಒಂದು ಟಿಕ್ ತೆಗೆದ್ರೆ ಏನೂ ಅಲುಗಾಡಲ್ಲ."

"ನನಗೆ ಕಂಡೇ ಇಲ್ವಲ್ಲ?"

"ನಾನೇ ಲಾಕ್ ಮಾಡಿದ್ದೆ. ಎಲ್ಲಾ ಕಂಪ್ಯೂಟರೂ ಒಂದೇ ಥರ ಇರ್ಲಿ ಅಂತ..."

ಯಾರಿಗೂ ಗದರದ ಅಕ್ಕನ ದನಿ ಏರಿತು. "ಕಂಪ್ಯೂಟರು ಒಂದೇ ಥರ ಇರ್ಬಹುದಪ್ಪ, ಕೂರೋರು ಒಂದೇ ಥರ ಇರ್ತಾರಾ? ಒಂದು ಮಾತು ಕೇಳಬಾರದಿತ್ತಾ?"

ಅಧಿಕಾರಿ ಆದೇಶವನ್ನು ಮಡಚಿ ಕೈಯಲ್ಲಿ ಹಿಡಿದರು. "ಆ ಲಾಕ್ ತೆಗಿ. ಅಮ್ಮಾ, ತಿದ್ದುಪಡಿ ನೀವೇ ಮಾಡಿ. ನಾನು ಹಿಂದೆ ನಿಂತು ನೋಡ್ತೀನಿ."

ಕಂಪ್ಯೂಟರಿನವನು ಕೌಂಟರಿಗೆ ಬಂದು, ಕಾದು ನಿಂತಿದ್ದ ಬಡಗಿಯ ಎದುರೇ ಆ ಟಿಕ್ ತೆಗೆದ. ಅಕ್ಕ ಒತ್ತಿದಳು. ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಒಂದು ಎಂದು ಎಣಿಸಿ, ಅಳುಕುತ್ತ ತೆರೆದಳು. ಪಟ್ಟಿ ಆಗಲೇ ಬಂದು ನಿಂತಿತ್ತು. ತಮ್ಮನ ಹೆಸರಿನ ಮುಂದಿನ ಗುರುತು ತೆಗೆದಳು. ಕೈ ಅಣ್ಣನ ಹೆಸರಿಗೆ ಸರಿಯಿತು.

"ಸ್ವಲ್ಪ ತಡೀರಿ ಅಕ್ಕಾ." ಬಡಗಿ ಪರದೆಯತ್ತ ಬೆರಳು ತೋರಿದ. "ಈ ಎಂಟು ದಿನ ಇದರೊಳಗಾದ್ರೂ ನಮ್ಮಣ್ಣ ಬದುಕಿದ್ದ."

ಅಕ್ಕ ಅವನತ್ತ ತಿರುಗಿದಳು. ಹಿಂದೆ ಅಧಿಕಾರಿ ಇರುವುದನ್ನೂ ಮರೆತು ಕೈ ಹಿಂತೆಗೆದಳು. ಅವಸರ ಮಾಡಲಿಲ್ಲ, ಎಣಿಸಲಿಲ್ಲ. ಅಧಿಕಾರಿ ಆದೇಶವನ್ನು ಸದ್ದಾಗದ ಹಾಗೆ ಹರಿದು ಜೇಬಿಗಿಳಿಸಿದರು.

ಕೊನೆಗೆ ಬಡಗಿಯೇ ಮುಖ ಒರೆಸಿಕೊಂಡು, "ಹ್ಞೂ, ಒತ್ತಿ ಅಕ್ಕಾ" ಎಂದ.

ಅವಳು ಆ ಹೆಸರನ್ನು ಅವನಿಗೆ ಕೇಳುವಂತೆ ಓದಿ, ಕಣ್ಣು ತೆರೆದುಕೊಂಡೇ ಒತ್ತಿದಳು.