ಅಮ್ಮನ ಲಾರಿ ಅತ್ತಿಗೆ ಮನೆಗೆ ಹೋದದ್ದು

ನಮ್ಮಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯ ಲಿಫ್ಟ್ ನಡೆಸಿದಳು. ಆರು ಮಹಡಿ, ಒಂದೇ ದಾರಿ. ಎಡಕ್ಕೆ ತಿರುಗುವ, ಬಲಕ್ಕೆ ಹೊರಳುವ ಮಾತೇ ಇಲ್ಲ. ಗುಂಡಿ ಒತ್ತಿದರೆ ತಾನೇ ಹೋಗಿ ತಾನೇ ನಿಲ್ಲುವ ಲಿಫ್ಟ್ ಅಲ್ಲ ಅದು. ಕಬ್ಬಿಣದ ಜಾಲರಿ ಬಾಗಿಲನ್ನು ಎಳೆದು ಮುಚ್ಚಿ, ಹಿತ್ತಾಳೆಯ ಹಿಡಿ ತಿರುಗಿಸಿ, ಮಹಡಿಯ ನೆಲಕ್ಕೂ ಲಿಫ್ಟಿನ ನೆಲಕ್ಕೂ ಕೈಯಂದಾಜಿನಲ್ಲೇ ಸಮ ಮಾಡಿ ನಿಲ್ಲಿಸಬೇಕು. ಒಂದು ಬೆರಳಷ್ಟು ಹೆಚ್ಚುಕಮ್ಮಿಯಾದರೂ ಸ್ಟ್ರೆಚರಿನ ಮೇಲಿರುವ ರೋಗಿ ‘ಅಯ್ಯೋ’ ಅನ್ನುತ್ತಾನೆ. ಅಮ್ಮನ ಪಾಳಿಯಲ್ಲಿ ಯಾರೂ ಅಯ್ಯೋ ಅಂದದ್ದಿಲ್ಲ ಎಂದು ದಾದಿಯರೇ ಹೇಳುತ್ತಿದ್ದರು.

ಲಿಫ್ಟಿನೊಳಗೆ ಅಮ್ಮನಿಗೊಂದು ಸ್ಟೀಲಿನ ಸ್ಟೂಲು, ನನಗೊಂದು ಬೋರಲು ಹಾಕಿದ ಬಕೆಟ್ಟು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ. “ಮೂರು, ಹೆರಿಗೆ ವಾರ್ಡ್! ನಾಲ್ಕು, ಮೂಳೆ ಮುರಿದೋರು!” ಎಂದು ಕೂಗುವುದು ನನ್ನ ಕೆಲಸ. ಅಣ್ಣನಿಗೆ ಲಿಫ್ಟ್ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು, ಅವನು ಬರುತ್ತಿರಲಿಲ್ಲ. ಹೀಗಾಗಿ ಅಮ್ಮ ಪೂರ್ತಿಯಾಗಿ ನನ್ನವಳಾಗಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಓದಿ ನೀವು ನನಗೆ ಉಗಿಯುವವರಿದ್ದೀರಿ.

ಆಸ್ಪತ್ರೆಗೆ ಹೊಸ ಲಿಫ್ಟ್ ಬಂತು, ಅಮ್ಮ ಮನೆಗೆ ಬಂದಳು. ಬಂದವಳಿಗೆ ಕೂತಲ್ಲಿ ಕೂರಲಾಗದು. ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ. ಇದ್ದಬದ್ದ ಬೀರು, ಕಪಾಟುಗಳ ಬಾಗಿಲನ್ನೆಲ್ಲ ತೆಗೆದು ಮುಚ್ಚುವುದು. “ಟೀವಿ ನೋಡಮ್ಮ” ಎಂದೆ ನಾನು. ಇದಕ್ಕಿಂತ ದೊಡ್ಡ ಬುದ್ಧಿ ನನಗೆ ಹೊಳೆಯಲಿಲ್ಲ. ಹೊಳೆದದ್ದು ಅತ್ತಿಗೆಗೆ.

ಅತ್ತಿಗೆ ಅಂದರೆ ಅಣ್ಣನ ಹೆಂಡತಿ, ಆಗ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿಸುವ ಕೆಲಸ, ಬೆಳಗಿನ ಪಾಳಿ. ಮೂರು ಗಂಟೆಗೆಲ್ಲ ಮನೆಯಲ್ಲಿರುತ್ತಾಳೆ. ನಾನು ಫೋಟೊ ಸ್ಟುಡಿಯೋದಲ್ಲಿ ಆಲ್ಬಮ್ ಜೋಡಿಸುವವಳು, ಆರಕ್ಕೆ ಬಿಟ್ಟರೆ ನಡೆದು ಮನೆ ಸೇರುವುದು ಆರೂ ಇಪ್ಪತ್ತಕ್ಕೆ. ನಾನಿಲ್ಲದ ಆ ಮೂರು ತಾಸಿನಲ್ಲಿ ಅವಳು ನನ್ನ ಕಂಪ್ಯೂಟರಿಗೆ ಒಂದು ಲಾರಿ ಓಡಿಸುವ ಆಟ ಹಾಕಿ ಅಮ್ಮನನ್ನು ಅದರ ಮುಂದೆ ಕೂರಿಸಿದಳು. ನನ್ನ ಕಂಪ್ಯೂಟರ್! ನನ್ನ ಕುರ್ಚಿ! ಅಮ್ಮನೂ ನನ್ನವಳೇ, ಆದರೆ ಅದನ್ನು ಬಾಯಿಬಿಟ್ಟು ಹೇಳಲಾಗುತ್ತದೆಯೇ?

ಸೈಕಲ್ ಕೂಡ ಹತ್ತದ ಅಮ್ಮ ಹದಿನೆಂಟು ಗಾಲಿಯ ಲಾರಿ ಹಿಡಿದಳು. ಒಂದು ಊರಿನಲ್ಲಿ ಸರಕು ತುಂಬಿಕೊಂಡು ಇನ್ನೊಂದು ಊರಿಗೆ ಮುಟ್ಟಿಸುವುದು, ಅಷ್ಟೇ ಆಟ. ಎಲ್ಲರೂ ಮರಳು, ಕಬ್ಬಿಣ ತುಂಬಿದರೆ ಅಮ್ಮ ಗಾಜಿನ ಹಾಳೆಗಳನ್ನೇ ಆರಿಸಿಕೊಳ್ಳುತ್ತಿದ್ದಳು. ಲಿಫ್ಟ್ ನಿಲ್ಲಿಸಿದ ಕೈ, ಬ್ರೇಕ್ ಬಿದ್ದದ್ದೇ ಗೊತ್ತಾಗುವುದಿಲ್ಲ. ಪ್ರತಿ ಸಲ ಪರದೆಯ ಮೇಲೆ ಸರಕಿಗೆ ಬಿದ್ದ ಪೆಟ್ಟಿನ ಲೆಕ್ಕ ಬರುತ್ತದೆ. ಎರಡು ವರ್ಷ ಅಮ್ಮನದು ಸೊನ್ನೆ. ಪಕ್ಕದಲ್ಲಿ ಅತ್ತಿಗೆ ನೋಟುಬುಕ್ಕಿನಲ್ಲಿ ನಕ್ಷೆ ಬರೆದುಕೊಂಡು “ಎಡಕ್ಕೆ ಅತ್ತೆ... ಮುಂದೆ ಸೇತುವೆ” ಎಂದು ಕೂಗುತ್ತಾಳೆ. ಕೂಗುವ ಕೆಲಸ ಯಾರದಾಗಿತ್ತು? ನನ್ನದಲ್ಲವೇ?

ಲೋಕದಲ್ಲಿ ಅತ್ತೆ-ಸೊಸೆ ಜಗಳವಾಡುತ್ತಾರೆ, ಮಗಳು ಅಮ್ಮನ ಪರ ನಿಲ್ಲುತ್ತಾಳೆ. ನಮ್ಮ ಮನೆಯಲ್ಲಿ ಅತ್ತೆ-ಸೊಸೆ ಹಾಲು-ಸಕ್ಕರೆ, ನಾನು ಮಾತ್ರ ಹೊರಗಿನವಳು. ಸಂಜೆ ನಾನು ಮೆಟ್ಟಿಲು ಹತ್ತಿ ಬೆಲ್ ಒತ್ತುವ ಮೊದಲೇ ಅಮ್ಮ ಬಾಗಿಲು ತೆರೆದು ನಿಂತಿರುತ್ತಿದ್ದಳು. ಹಿಂದೆ ನೋಡಿದರೆ ಕಂಪ್ಯೂಟರ್ ಆರಿದೆ, ಅತ್ತಿಗೆ ಮುಖ ಊದಿಸಿಕೊಂಡು ನೋಟುಬುಕ್ ಮಡಚುತ್ತಿದ್ದಾಳೆ. ನಾನು ಬರುವ ಹೊತ್ತಿಗೆ ಎಲ್ಲವನ್ನೂ ಮುಚ್ಚಿಟ್ಟು ಏನೂ ಆಗಿಲ್ಲವೆನ್ನುವ ಹಾಗೆ ನಿಲ್ಲುವುದು! ಎರಡು ವರ್ಷ ಇದನ್ನು ನೋಡಿ ನೋಡಿ ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ಅಷ್ಟರಲ್ಲಿ ಅಣ್ಣನಿಗೆ ಪಟ್ಟಣದ ಆ ತುದಿಗೆ ವರ್ಗವಾಯಿತು. ಗಂಡ ಹೆಂಡತಿ ಅಲ್ಲೇ ಮನೆ ಹಿಡಿದರು, ಅಮ್ಮ ನನ್ನ ಜೊತೆ ಉಳಿದಳು. ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಆದರೆ ಹೋಗುವ ಮುಂಚೆ ಅತ್ತಿಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಹಾರ್ಡ್ ಡಿಸ್ಕ್ ಒಂದನ್ನು ತಂದು ಮೇಜಿನ ಮೇಲಿಟ್ಟಳು. ಅದಕ್ಕೊಂದು ಬಟ್ಟೆಯ ಚೀಲ ಬೇರೆ, ಅಮ್ಮನ ಹಳೆಯ ನೀಲಿ ಸಮವಸ್ತ್ರದ ತುಂಡಿನಲ್ಲಿ ಹೊಲಿದದ್ದು. ಆ ಸಮವಸ್ತ್ರ ಎಲ್ಲಿ ಹೋಯಿತೆಂದು ನಾನು ಬೀರುವೆಲ್ಲ ಜಾಲಾಡಿದ್ದೆ.

“ನಿನ್ನ ಕಂಪ್ಯೂಟರಲ್ಲಿ ಜಾಗ ಇಲ್ಲ ಅಂತ ಗೊಣಗ್ತಿದ್ದೆಯಲ್ಲ,” ಎಂದಳು. “ಆಟಾನ ಇದಕ್ಕೆ ಹಾಕ್ಕೊಡು. ಅತ್ತೆ ಶನಿವಾರ ಇದನ್ನ ಚೀಲದಲ್ಲಿ ಹಾಕ್ಕೊಂಡು ನಮ್ಮನೆಗೆ ಬರ್ತಾರೆ. ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದ್ರೆ ಆಯ್ತು. ಭಾನುವಾರ ವಾಪಸ್.”

ಆಟ ನನ್ನ ಕಂಪ್ಯೂಟರಿನಲ್ಲಿ ತುಂಬಾ ಜಾಗ ತಿನ್ನುತ್ತಿತ್ತು, ಆಲ್ಬಮ್ ಕೆಲಸಕ್ಕೆ ಸ್ಥಳವಿಲ್ಲ ಎಂದು ರೇಗಾಡಿದ್ದು ನಿಜ. ನನ್ನ ಮಾತಿನಿಂದಲೇ ನನ್ನ ಬಾಯಿ ಕಟ್ಟಿದಳು. ನನ್ನ ಶನಿವಾರ, ಭಾನುವಾರ ಎರಡೂ ಆ ನೀಲಿ ಚೀಲದೊಳಗೆ ಹೋದವು.

ಶುಕ್ರವಾರ ರಜೆ ಹಾಕಿ ಕೂತೆ. ಆಟದ ಜಾಗ ಬದಲಿಸುವುದು ಕಷ್ಟವೇನಲ್ಲ: ಎಲ್ಲಿಗೆ ಎಂದು ತೋರಿಸಿದರೆ ಅದೇ ಸಾಗಿಸಿಕೊಳ್ಳುತ್ತದೆ. ಎರಡು ಗಂಟೆ ಹಸಿರು ಪಟ್ಟಿ ತೆವಳಿತು. ಆದರೆ ಒಂದು ಮಾತು ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ಹೀಗೆ ಸಾಗಿಸಿದರೆ ಹೋಗುವುದು ಆಟ ಮಾತ್ರ. ಅಮ್ಮ ಎಲ್ಲಿಯವರೆಗೆ ಆಡಿದ್ದಾಳೆ, ಯಾವ ಊರು ಮುಟ್ಟಿದ್ದಾಳೆ ಎಂಬ ದಾಖಲೆಯೆಲ್ಲ ಬೇರೆ ಫೋಲ್ಡರಿನಲ್ಲಿರುತ್ತದೆ, ಅದನ್ನು ಕೈಯಾರೆ ನಕಲು ಮಾಡಬೇಕು. ನಾನು ಮಾಡಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ.

“ಎಲ್ಲಾ ಬಂತಾ?” ಎಂದಳು ಅಮ್ಮ.

“ಬಂತು.”

ಶನಿವಾರ ಸಂಜೆ ಏಳಕ್ಕೆ ಅಮ್ಮನ ಫೋನು ಬಂತು. “ಲೇ, ನನ್ನ ಲಾರಿ ಇಲ್ಲ ಕಣೇ. ಹೆಸರೇನು ಅಂತ ಕೇಳ್ತು, ಹೊಸಬಳನ್ನ ಕೇಳೋ ಹಾಗೆ. ಎಲ್ಲಾ ಹೋಯ್ತಾ?”

“ಹೋಗಿರ್ಬೇಕು. ಸಾಗಿಸೋವಾಗ ಒಂದೊಂದು ಸಲ ಹಾಗಾಗುತ್ತೆ,” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅಮ್ಮ “ಹೋದ್ರೆ ಹೋಗ್ಲಿ ಬಿಡು. ಮೊದಲಿಂದ ಶುರು ಮಾಡಿದ್ವಿ,” ಎಂದಳು. ಹಿಂದಿನಿಂದ ಅತ್ತಿಗೆ “ಮುಟ್ಟಿದ್ವಿ ಅತ್ತೆ, ಮುಟ್ಟೇಬಿಟ್ವಿ!” ಎಂದು ಕಿರುಚಿದಳು. ಇಬ್ಬರೂ ನಕ್ಕರು. ಅಳುತ್ತಾರೆಂದು ಕಾದು ಕೂತವಳಿಗೆ ಆ ನಗು ಕೇಳಿ ಹೇಗಾಗಿರಬೇಡ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಥಟ್ಟನೆ ಹೊಳೆಯಿತು. ಅಮ್ಮ ಸಂಜೆ ಬರುತ್ತಾಳೆ, ಡಿಸ್ಕನ್ನು ಈ ಕಂಪ್ಯೂಟರಿಗೆ ಚುಚ್ಚುತ್ತಾಳೆ. ದಾಖಲೆ ಇರುವುದು ಇಲ್ಲೇ. ಚುಚ್ಚಿದ ತಕ್ಷಣ ಹಳೆಯ ಲಾರಿ ನಿಲ್ಲಿಸಿದ ಜಾಗದಲ್ಲೇ ಎದ್ದು ನಿಲ್ಲುತ್ತದೆ. ನನ್ನ ಬಣ್ಣ ಬಯಲು. ತಪ್ಪಿಸಿಕೊಳ್ಳಬೇಕಾದರೆ ಆ ಫೋಲ್ಡರನ್ನೇ ಅಳಿಸಬೇಕು.

ತೆರೆದೆ. ಐನೂರು ಚಿಲ್ಲರೆ ದಾಖಲೆಗಳು, ಲಾರಿ ನಿಲ್ಲಿಸಿದ ದಿನ, ಗಂಟೆಯ ಸಮೇತ. ಆರೂ ಹದಿನಾರು. ಆರೂ ಹದಿನೇಳು. ಆರೂ ಹದಿನಾರು. ಕೆಳಗೆ ಹೋದಷ್ಟೂ ಅದೇ. ನಾನು ಮನೆಗೆ ಬರುವುದಕ್ಕೆ ಮೂರ್ನಾಲ್ಕು ನಿಮಿಷ ಮೊದಲು, ಒಂದು ದಿನವೂ ತಪ್ಪದೆ, ಮುಚ್ಚಿಟ್ಟಿದ್ದಾರೆ! ಸಿಟ್ಟು ನೆತ್ತಿಗೇರಿ ಎಲ್ಲವನ್ನೂ ಆರಿಸಿ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಬಚ್ಚಿಡುವುದು ಬೇರೆ, ಅಳಿಸುವುದು ಬೇರೆ. ಎರಡು ವರ್ಷ ಒಂದು ಗಾಜೂ ಒಡೆಯದೆ ಓಡಿಸಿದ್ದಾಳೆ ನಮ್ಮಮ್ಮ. ಅದನ್ನು ಅಳಿಸಲು ನನಗೆ ಯಾವ ಹಕ್ಕಿದೆ? ಕೈ ತೆಗೆದು ಕೂತೆ, ಆದದ್ದಾಗಲಿ ಎಂದು.

ಅಮ್ಮ ಬಂದಳು, ಚಪ್ಪಲಿ ಬಿಟ್ಟು ನೇರ ಕಂಪ್ಯೂಟರಿನ ಮುಂದೆ ಕೂತಳು. “ಹೊಸ ಲಾರಿ ತೋರಿಸ್ತೀನಿ ಬಾ,” ಎಂದು ಡಿಸ್ಕ್ ಚುಚ್ಚಿದಳು. ಎದ್ದು ನಿಂತದ್ದು ಹಳೆಯದು, ನಡುರಸ್ತೆಯಲ್ಲಿ, ಬೆನ್ನ ಮೇಲೆ ಗಾಜು ಹೊತ್ತು. ಅಮ್ಮ ಅದನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಇಲ್ಲೇ ಇತ್ತಾ?”

“ಇತ್ತು.”

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಲ್ಲೋರನ್ನ ಎಷ್ಟು ಜನಾನ ನೋಡಿಲ್ಲ ನಾನು,” ಎಂದಳು ಅಮ್ಮ, ಮೆಲ್ಲಗೆ. “ನನ್ನ ಮಗಳೂ ಅವರಲ್ಲೊಬ್ಬಳು ಅಂತ ಗೊತ್ತಿರ್ಲಿಲ್ಲ. ಫೋನ್ ಮಾಡು. ನೀನೇ ಹೇಳು ಅವಳಿಗೆ.”

ಬೈದಿದ್ದರೆ ವಾಸಿಯಿತ್ತು. ಫೋನ್ ಮಾಡಿ ಅತ್ತಿಗೆಗೆ ಎಲ್ಲ ಹೇಳಿದೆ. ಬೇಕೆಂದೇ ಬಿಟ್ಟೆ, ಹೊಟ್ಟೆಕಿಚ್ಚಿಗೆ ಬಿಟ್ಟೆ ಎಂದೂ ಹೇಳಿದೆ. ಸರಿ, ಇನ್ನು ಮುಗಿಯಿತು ಅಂದುಕೊಂಡೆ.

“ನಿಂಗೆ ಹೊಟ್ಟೆಕಿಚ್ಚಾ?” ಎಂದಳು ಅತ್ತಿಗೆ. “ನನ್ನ ಪಾಡು ಕೇಳಿದ್ಯಾ ನೀನು? ಎರಡು ವರ್ಷ ಕಣೆ! ಇನ್ನೈದು ಕಿಲೋಮೀಟರಿಗೆ ಊರು, ಮುಟ್ಟಿಬಿಡೋಣ ಅತ್ತೆ ಅಂದ್ರೆ, ಊಹೂಂ. ‘ಅವಳು ಬರೋ ಹೊತ್ತಾಯ್ತು, ಬಾಗಿಲು ತೆಗೀಬೇಕು’ ಅಂತ ನಡುರಸ್ತೇಲಿ ಲಾರಿ ನಿಲ್ಲಿಸಿ ಎದ್ದುಬಿಡ್ತಿದ್ರು. ಅವಳ ಹತ್ರ ಬೀಗದ ಕೈ ಇದೆಯಲ್ಲ, ತಾನೇ ತೆಕ್ಕೊಂಡು ಬರ್ಲಿ ಅಂತ ಬಾಯಿ ತುದಿಗೆ ಬರ್ತಿತ್ತು. ಒಂದು ಸಂಜೆನಾದ್ರೂ ಲಾರಿ ಊರು ಮುಟ್ಟಿಸಿ ಎದ್ದಿದ್ದು ಇದ್ಯಾ? ನಿನ್ನೆ, ನೀನಿಲ್ಲ ಅಂತ, ಮೊದಲನೇ ಸಲ.”

ನಾನು ಅಮ್ಮನ ಕಡೆ ತಿರುಗಿದೆ. ಅವಳು ಕನ್ನಡಕ ಒರೆಸಿಕೊಳ್ಳುತ್ತಿದ್ದಳು, ಯಾರದೋ ವಿಷಯವೆನ್ನುವ ಹಾಗೆ.

“ಹಳೇ ಲಾರಿ ನೀನೇ ಇಟ್ಕೊ,” ಎಂದಳು ಅತ್ತಿಗೆ. “ನಮಗೆ ಹೊಸದಿದೆ.” ಫೋನ್ ಇಟ್ಟಳು.

ಈಗ ಅಮ್ಮನಿಗೆ ಎರಡು ಲಾರಿ. ಹಳೆಯದು ನನ್ನ ಕಂಪ್ಯೂಟರಿನಲ್ಲಿ, ಹೊಸದು ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ. ಡಿಸ್ಕ್ ಮಾತ್ರ ನೀಲಿ ಚೀಲದಲ್ಲಿ ಅತ್ತಿಂದಿತ್ತ ಓಡಾಡುತ್ತದೆ. ಹೊಸದು ಆಗಲೇ ಹನ್ನೊಂದು ಊರು ಮುಟ್ಟಿದೆಯಂತೆ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಇಲ್ಲವೆಂದು ಯಾರ ಮುಂದೆ ಸುಳ್ಳು ಹೇಳಲಿ? ಹಳೆಯದು ಮಾತ್ರ ಈಗಲೂ ದಿನಾ ಸಂಜೆ ನಡುರಸ್ತೆಯಲ್ಲೇ ನಿಲ್ಲುತ್ತದೆ. ಆರೂ ಇಪ್ಪತ್ತಕ್ಕೆ ನಾನು ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಲ್ಲುತ್ತೇನೆ. ಬೀಗದ ಕೈ ನನ್ನ ಚೀಲದಲ್ಲೇ ಇರುತ್ತದೆ. ನಾನು ಅದನ್ನು ಹೊರಗೆ ತೆಗೆಯುವುದಿಲ್ಲ.