ಮೊಮ್ಮಗಳ ಅಂದಾಜು

ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನನ್ನ ಮೊಮ್ಮಗಳ ಕೆಲಸದ ಬಗ್ಗೆ ಹೇಳಹೊರಟರೆ ಹಿಗ್ಗಿಗೆ ಬಾಯಿ ನಿಲ್ಲುವುದೇ ಇಲ್ಲ. ದೂರದ ದೇಶದಲ್ಲಿ ನೆಲದಡಿಯ ದೊಡ್ಡ ಯಂತ್ರವೊಂದು ಕಣ್ಣಿಗೆ ಕಾಣದ ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತದಂತೆ. ಆ ಡಿಕ್ಕಿಯಲ್ಲಿ ಭಾರದ ಕಣಗಳು ಎಷ್ಟು ಹುಟ್ಟುತ್ತವೆ ಎಂದು ಇವಳು ಮೊದಲೇ ಲೆಕ್ಕ ಹಾಕಿ ಬರೆದುಕೊಡುತ್ತಾಳೆ. ಅಲ್ಲಿನವರು ಆಮೇಲೆ ಎಣಿಸುತ್ತಾರೆ.

ಈ ಬೇಸಿಗೆಯಲ್ಲಿ ಅವಳು ಹೊನ್ನವಳ್ಳಿಗೆ ಬಂದಿದ್ದಾಗಲೇ ಆ ಎಣಿಕೆ ಹೊರಬೀಳುವುದಿತ್ತು. ಅಂದು ಬೆಳಗ್ಗೆ ಅವಳು ತಿಂಡಿ ಮುಟ್ಟಲಿಲ್ಲ. ನಾನು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿದೆಯೇ ಎಂದು ಸದ್ದು ಕೇಳುತ್ತಿದ್ದೆ. ಕಿವಿಯೆಲ್ಲ ಅವಳ ಫೋನಿನ ಕಡೆಗಿದ್ದು ಒಂದೂ ತಿಳಿಯಲಿಲ್ಲ.

“ಎಷ್ಟು ಅಂತ ಬರ್ದಿದ್ದೀಯವ್ವಾ?” ಎಂದೆ.

“ನೂರು ಅಂತ ಇಟ್ಕೋ ತಾತ. ಆರು ಹೆಚ್ಚಾಗ್ಬೋದು, ಆರು ಕಮ್ಮಿ ಆಗ್ಬೋದು.”

“ಅಯ್ಯೋ, ಒಂದೇ ಮಾತು ಹೇಳ್ಬಾರ್ದಾಗಿತ್ತೇನೇ? ಕೊಬ್ಬರಿ ಯಾಪಾರಿ ಹಿಂಗಂದಿದ್ರೆ ಓಡಿಸ್ಬುಡ್ತಿದ್ದೆ ಕಣೇ!”

“ಎಷ್ಟು ತಪ್ಬೋದು ಅಂತ ಹೇಳೋದೂ ನನ್ ಕೆಲ್ಸಾನೇ ತಾತ. ಆ ಆರನ್ನ ದಾಟ್ತೋ, ನನ್ನ ಮೂರು ವರ್ಷದ ಲೆಕ್ಕ ತಪ್ಪು ಅಂತಾಯ್ತದೆ.”

ಮಧ್ಯಾಹ್ನ ಫೋನಿಗೆ ಸುದ್ದಿ ಬಂತು. ಅವಳು ಓದಿದಳು, ಮತ್ತೆ ಓದಿದಳು. ನಾನು ಕಾಯಿ ಬಿಟ್ಟು ಅವಳ ಪಕ್ಕಕ್ಕೆ ಹೋಗಿ ನಿಂತೆ.

“ನೂರೈದು, ತಾತ.”

ಐದು ತಪ್ಪಿತಲ್ಲ ಎಂದು ನನಗೆ ಅಳು ಬಂತು. ನೋಡಿದರೆ ಅವಳು ಕುಣಿಯುತ್ತಿದ್ದಾಳೆ. ಆಗ ತಲೆಗೆ ಹೊಳೆಯಿತು: ಐದು ಅಂದರೆ ಅವಳು ಹೇಳಿದ ಆರರ ಒಳಗೇ ಅಲ್ಲವೇ! ಚಪ್ಪಲಿ ಮರೆತು ಬಸ್ ನಿಲ್ದಾಣಕ್ಕೆ ಓಡಿದೆ. ತಿಪಟೂರಿನ ಬಸ್ಸಿನಿಂದ ಇಳಿದವರಿಗೆಲ್ಲ, “ನನ್ ಮೊಮ್ಮಗಳು ಐದೇ ಐದು ತಪ್ಪಿದ್ಲು ಕಣ್ರೀ!” ಎಂದು ಕೂಗಿದೆ.

“ಹೋಗ್ಲಿ ಬುಡಿ ಯಜಮಾನ್ರೇ, ಮುಂದಿನ ಸಲ ಪಾಸಾಯ್ತಾಳೆ” ಎಂದು ಅವರು ನನಗೇ ಸಮಾಧಾನ ಹೇಳಿದರು.