ಟೈಲರ್ ಸಾಹೇಬರಿಗೆ ಹನ್ನೆರಡು ಆಲ್ಬಂ

ಕಳೆದ ವಾರ ಕೊಪ್ಪದ ಟೈಲರ್ ಒಬ್ಬರು ನನ್ನನ್ನು ಕಂಡ ಕೂಡಲೇ ಅಂಗಡಿಯಲ್ಲಿ ಬರುತ್ತಿದ್ದ ಹಾಡು ಬದಲಾಯಿಸಿದರು. ಅವತ್ತಿನಿಂದ ನನಗೆ ಆ ರಸ್ತೆಯಲ್ಲಿ ಓಡಾಡಲು ನಾಚಿಕೆ.

ಮೊದಲಿಂದ ಹೇಳುತ್ತೇನೆ. ನಾನು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು, ಜೊತೆಗೆ ಜಾಝ್ ಹುಚ್ಚ. ಕಾಲೇಜು ದಿನಗಳಲ್ಲಿ ಮೈಸೂರಿನ ಫುಟ್‌ಪಾತ್‌ನಲ್ಲಿ ಕೊಂಡ ಒಂದು ಕ್ಯಾಸೆಟ್ಟಿನಿಂದ ಹತ್ತಿದ್ದು, ಇನ್ನೂ ಬಿಟ್ಟಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲೂಕು ಜಾಲಾಡಿದರೂ ಜೊತೆಗೆ ಕೂತು ಕೇಳುವವರು ಒಬ್ಬರೂ ಸಿಕ್ಕಿರಲಿಲ್ಲ. ಶೃಂಗೇರಿಯ ಗೆಳೆಯನಿಗೆ ಒಮ್ಮೆ ಕೇಳಿಸಿದ್ದೆ. ಹತ್ತು ನಿಮಿಷ ಕೇಳಿದವನು, "ಶ್ರುತಿ ಮಾಡ್ಕೊಂಡಿದ್ದು ಸಾಕು, ಶುರು ಮಾಡೋದು ಯಾವಾಗ ಮಾರಾಯ?" ಅಂದ. (ನನ್ನ ಹೆಂಡತಿಯ ಅಭಿಪ್ರಾಯ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.)

ಹೀಗಿರುವಾಗ ನಾಲ್ಕು ತಿಂಗಳ ಹಿಂದೆ ಪ್ಯಾಂಟು ಗಿಡ್ಡ ಮಾಡಿಸಲು ಹನೀಫ್ ಸಾಹೇಬರ ಅಂಗಡಿಗೆ ಹೋದೆ. "ಕೂತ್ಕೊಳ್ಳಿ ಮೇಷ್ಟ್ರೇ, ಹತ್ತೇ ನಿಮಿಷ" ಅಂದರು. ಟೈಲರುಗಳ ಹತ್ತು ನಿಮಿಷ ನಿಮಗೆ ಗೊತ್ತಲ್ಲ? ಫೋನಿನಲ್ಲಿ ಮೆಲ್ಲಗೆ ಒಂದು ಆಲ್ಬಂ ಹಾಕಿಕೊಂಡೆ. ನಿಧಾನದ ಸ್ಯಾಕ್ಸೋಫೋನ್. ಎರಡು ನಿಮಿಷ ಆಗಿರಬೇಕು, ಹೊಲಿಗೆ ಮೆಷಿನ್ ನಿಂತಿತು.

"ಇದೆಂತ ಮ್ಯೂಸಿಕ್ ಮೇಷ್ಟ್ರೇ?"

"ಯಾಕೆ, ಬಂದ್ ಮಾಡ್ಲಾ?"

"ಬೇಡ ಬೇಡ, ಇರ್ಲಿ. ಸ್ಯಾಕ್ಸೋಫೋನ್ ಮದುವೆ ಮನೇಲಿ ಕೇಳಿದೀನಿ. ಇವನು ಮಾತ್ರ ಪಕ್ಕದಲ್ಲಿ ಕೂತು ಕಷ್ಟಸುಖ ಹೇಳ್ದಂಗಿದೆ. ನಂಗೂ ಇದನ್ನ ಒಂಚೂರು ಹಾಕಿ ಕೊಡ್ತೀರಾ?"

ನನಗಾದ ಖುಷಿಯನ್ನು ಹೇಗೆ ಹೇಳಲಿ? ಇಷ್ಟು ವರ್ಷ ಕಾದ ಮೇಲೆ ಒಬ್ಬ ಜೊತೆಗಾರ ಸಿಕ್ಕಿದ್ದರು, ಅದೂ ಮನೆಯಿಂದ ಐದು ನಿಮಿಷದ ದೂರದಲ್ಲಿ.

ಮೂರು ವಾರ ಕೂತು ಆಲ್ಬಂ ಆರಿಸಿದೆ. ಮಗಳ ಮದುವೆಗೆ ಸೀರೆ ಆರಿಸುವಾಗಲೂ ಇಷ್ಟು ಒದ್ದಾಡಿರಲಿಲ್ಲ. ಅವತ್ತು ಅಂಗಡಿಯಲ್ಲಿ ಕೇಳಿದ ಆಲ್ಬಮ್ಮನ್ನು ಮಾತ್ರ ಬೇಕೆಂದೇ ಬಿಟ್ಟೆ. ಅದು ತೀರಾ ಸುಲಭದ್ದು, ಯಾರಿಗಾದರೂ ಹಿಡಿಸುತ್ತದೆ. ಇಷ್ಟು ಒಳ್ಳೆಯ ಕಿವಿಗೆ ಅಡಿಪಾಯ ಗಟ್ಟಿ ಹಾಕಬೇಡವೇ? ಮೊದಲಿಗೆ ಕರಕರ ಅನ್ನುವ ಹಳೆಯ ರೆಕಾರ್ಡಿಂಗ್‌ಗಳು, ಆಮೇಲೆ ದೊಡ್ಡ ಬ್ಯಾಂಡುಗಳು, ಕೊನೆಗೆ ನನಗೇ ಹತ್ತು ವರ್ಷ ತಲೆಬುಡ ಅರ್ಥವಾಗದಿದ್ದ ಒಂದು ಆಲ್ಬಂ. ಹನ್ನೆರಡನ್ನೂ ನಂಬರ್ ಪ್ರಕಾರ ಪೆನ್‌ಡ್ರೈವ್‌ಗೆ ತುಂಬಿ, ಎರಡು ಪುಟ ಟಿಪ್ಪಣಿಯನ್ನೂ ಬರೆದು ಕೊಟ್ಟೆ. ಸಾಹೇಬರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಲ್ಲಿಗೆ ಬಿಟ್ಟೆನಾ? ಇಲ್ಲ. ಆ ಕಡೆ ಹೋದಾಗಲೆಲ್ಲ ಅಂಗಡಿಗೆ ತಲೆ ಹಾಕಿ, "ಎಷ್ಟನೇದು ಆಯ್ತು?" ಅಂತ ಕೇಳುತ್ತಿದ್ದೆ.

"ಆರನೇದು ನಡೀತಿದೆ ಮೇಷ್ಟ್ರೇ."

"ಡ್ರಮ್ಸ್ ಗಮನಿಸಿದ್ರಾ?"

"ಹೂಂ. ಚೆನ್ನಾಗಿದೆ."

ಕಳೆದ ವಾರ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದೆ. ಒಳಗೆ ಹಳೆಯ ಸಿನಿಮಾ ಹಾಡು ಜೋರಾಗಿ ಬರುತ್ತಿತ್ತು, ಸಾಹೇಬರೂ ಗುನುಗುತ್ತಿದ್ದರು. ನನ್ನನ್ನು ನೋಡಿದ್ದೇ ತಡ, ಸ್ಪೀಕರಿನ ಬಟನ್ ಒತ್ತಿದರು. ನನ್ನ ಆರನೇ ಆಲ್ಬಂ ಶುರುವಾಯಿತು. ರವಿಕೆಗೆ ಕಾಯುತ್ತಿದ್ದ, ಇಲ್ಲೇ ಹತ್ತಿರದ ನಾರ್ವೆ ಹಳ್ಳಿ ಕಡೆಯ ಹೆಂಗಸೊಬ್ಬರು ನಕ್ಕುಬಿಟ್ಟರು. "ಓ, ಇದನ್ನ ಹಾಕ್ಸೋ ಮೇಷ್ಟ್ರು ನೀವೇನಾ? ನೀವು ಅತ್ಲಾಗೆ ಹೋದ್ಕೂಡ್ಲೇ ಸಾಹೇಬ್ರು ಬಂದ್ ಮಾಡ್ತಾರೆ ಮಾರಾಯ್ರೆ!"

ಸಾಹೇಬರ ಮುಖ ಸಣ್ಣದಾಯಿತು. ಆಕೆಯ ರವಿಕೆ ಮಡಚಿ ಕೊಟ್ಟು ಕಳಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಅವತ್ತು ನಿಮ್ಮ ಫೋನಲ್ಲಿ ಬಂತಲ್ಲ, ಅದು ಇದ್ರಲ್ಲಿ ಇರ್ಬಹುದು ಅಂತ ಹನ್ನೆರಡನ್ನೂ ಹುಡುಕಿದೆ. ಸಿಗ್ಲಿಲ್ಲ. ಇಷ್ಟೆಲ್ಲಾ ಕೊಟ್ಟಿದೀರಿ, ಅದೂ ಬೇಕು ಅಂತ ಹೆಂಗೆ ಕೇಳೋದು?"

ನಿಂತಲ್ಲೇ ಕುಗ್ಗಿಹೋದೆ. ನಮ್ಮ ಕಡೆಯವರು ಹೀಗೇ. ಪ್ರೀತಿಯಿಂದ ಬಡಿಸಿದ್ದನ್ನು ಎಲೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ನೋವಾದೀತೆಂದು ಕಷ್ಟಪಟ್ಟು ನುಂಗುತ್ತಾರೆ. ಅದು ಗೊತ್ತಿದ್ದೂ ನಾನು ಮೇಲೆ ಮೇಲೆ ಬಡಿಸುತ್ತಲೇ ಹೋದೆ. ಅವರು ಕೇಳಿದ್ದು ಒಂದೇ ಒಂದು. ಅದನ್ನೇ ಕೊಡಲಿಲ್ಲ.

ತಕ್ಷಣ ಫೋನು ತೆಗೆದು ಆ ಆಲ್ಬಂ ಹಾಕಿದೆ. ಸಾಹೇಬರು ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟು, ನೆಟ್ಟಗೆ ಕೂತು, ಪೂರ್ತಿ ಕೇಳಿದರು.

"ಇದೇ ಅಲ್ವಾ?" ಅಂದೆ, ಆಸೆಯಿಂದ.

"ಇದೇ ಮೇಷ್ಟ್ರೇ. ಚೆನ್ನಾಗಿದೆ" ಅಂದವರು, ಒಂದು ಕ್ಷಣ ಯೋಚಿಸಿ ಸೇರಿಸಿದರು, "ಡ್ರಮ್ಸೂ ಚೆನ್ನಾಗಿದೆ."

ನಾಲ್ಕು ತಿಂಗಳ ಹಿಂದೆ ಕಷ್ಟಸುಖ ಕೇಳಿಸಿಕೊಂಡಿದ್ದ ಮನುಷ್ಯ ಈಗ ನನಗೆ ಉತ್ತರ ಒಪ್ಪಿಸುತ್ತಿದ್ದರು. ಜೊತೆಗಾರ ಸಿಕ್ಕಿದ್ದರು, ನಾನೇ ಅವರನ್ನು ವಿದ್ಯಾರ್ಥಿ ಮಾಡಿ ಕಳೆದುಕೊಂಡೆ.

ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. "ಅರ್ಥ ಆಯ್ತಾ?" ಅಂದಾಗಲೆಲ್ಲ ಇಡೀ ಕ್ಲಾಸು ತಲೆಯಾಡಿಸುತ್ತಿತ್ತು. ಅದರಲ್ಲಿ ಹನೀಫ್ ಸಾಹೇಬರು ಎಷ್ಟು ಜನ ಇದ್ದರೋ?